ಜೈಲಿನಲ್ಲಿರುವವರ ಜೊತೆ ಪತ್ರ ಸ್ನೇಹ: ಮೊದಲ ಪತ್ರಕ್ಕೆ ಮುಂಚೆ ಏನೇನು ತಿಳಿದಿರಬೇಕು?

ಹೊಸಪುಟ:
ಕೈದಿಗಳಿಗೆ ಪತ್ರ ಬರೆಯುವ ಸ್ವಯಂಸೇವಾ ಸಂಸ್ಥೆಯೊಂದಕ್ಕೆ ಹೆಸರು ಕೊಟ್ಟಿದ್ದೇನೆ. ದೀರ್ಘ ಶಿಕ್ಷೆಯಲ್ಲಿರುವ, ಭೇಟಿಗೆ ಯಾರೂ ಬಾರದ ಒಬ್ಬರ ವಿಳಾಸ ಸಿಗಲಿದೆ. ಮೊದಲ ಪತ್ರದಲ್ಲಿ ಏನು ಬರೆಯಬೇಕು, ಏನು ಬಿಡಬೇಕು? ಅವರ ಅಪರಾಧದ ಬಗ್ಗೆ ಕೇಳಬಹುದೇ? ನನ್ನ ಮನೆ ವಿಳಾಸ ಕೊಡಬೇಕೇ? ಇದರಿಂದ ಅವರ ಮುಂದಿನ ಬದುಕಿಗೆ ನಿಜಕ್ಕೂ ಪ್ರಯೋಜನವಾಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಅಂಚೆಚೀಲ:
ಮೊದಲು ಆ ಜೈಲಿನ ಅಂಚೆ ನಿಯಮಗಳನ್ನು ತರಿಸಿಕೊಂಡು ಓದಿ. ಒಂದು ಜೈಲಿನಲ್ಲಿ ನಡೆಯುವುದು ಇನ್ನೊಂದರಲ್ಲಿ ನಡೆಯುವುದಿಲ್ಲ. ಒಳಗೆ ಬರೆದದ್ದು ಸರಿಯಿದ್ದರೂ ಲಕೋಟೆಯ ಮೇಲಿನ ತಪ್ಪಿಗೇ ಎಷ್ಟೋ ಪತ್ರಗಳು ವಾಪಸ್ ಬರುತ್ತವೆ. ದಾಖಲೆಯಲ್ಲಿರುವ ಪೂರ್ತಿ ಹೆಸರು, ಕೈದಿ ಸಂಖ್ಯೆ, ಜೈಲಿನ ವಿಳಾಸ, ಕಳಿಸಿದವರ ಹೆಸರು ಮತ್ತು ವಿಳಾಸ, ಇಷ್ಟೂ ಇರಲಿ. ಕೈದಿ ಸಂಖ್ಯೆಯನ್ನು ಪ್ರತಿ ಹಾಳೆಯ ಮೂಲೆಯಲ್ಲೂ ಬರೆಯಿರಿ. ತಪಾಸಣೆಗೆ ಲಕೋಟೆ ಒಡೆದಾಗ ಹಾಳೆಗಳು ಬೇರೆಯಾದರೆ ಅದೊಂದೇ ಗುರುತು.

ಬಿಳಿ ಹಾಳೆ, ಕಪ್ಪು ಅಥವಾ ನೀಲಿ ಪೆನ್ನು ಸಾಕು. ಸ್ಟೇಪ್ಲರ್ ಪಿನ್, ಕ್ಲಿಪ್, ಸ್ಟಿಕರ್, ಸೆಂಟು, ಗೋಂದಿನಿಂದ ಅಂಟಿಸಿದ ಗ್ರೀಟಿಂಗ್ ಕಾರ್ಡ್ ಬೇಡವೇ ಬೇಡ. ಕೃತಕ ಮಾದಕ ವಸ್ತುವನ್ನು ಕರಗಿಸಿ ಕಾಗದಕ್ಕೆ ಹೀರಿಸಿ ಒಳಗೆ ಸಾಗಿಸುವುದು ಹಲವು ದೇಶಗಳಲ್ಲಿ ನಡೆದಿದೆ, ಅದಕ್ಕೇ ಇಷ್ಟು ಬಿಗಿ. ಎಷ್ಟೋ ಕಡೆ ಈಗ ಮೂಲ ಪತ್ರ ಕೊಡುವುದೇ ಇಲ್ಲ, ಜೆರಾಕ್ಸ್ ಅಥವಾ ಸ್ಕ್ಯಾನ್ ಮಾಡಿದ ಪ್ರತಿ ಕೊಡುತ್ತಾರೆ. ಪೆನ್ಸಿಲ್ಲು, ತಿಳಿ ಬಣ್ಣದ ಶಾಯಿ ಅದರಲ್ಲಿ ಮಸುಕಾಗುತ್ತವೆ, ಅಂಚಿಗೆ ಬರೆದ ಸಾಲು ಕತ್ತರಿಸಿಹೋಗುತ್ತದೆ. ನಾಲ್ಕೂ ಬದಿಗೆ ಎರಡು ಬೆರಳಷ್ಟು ಜಾಗ ಬಿಟ್ಟು ಬಿಡಿಬಿಡಿಯಾಗಿ, ದುಂಡಗೆ ಬರೆಯಿರಿ. ಓದು ಅಷ್ಟಾಗಿ ಬಾರದವರಿಗೂ ಅದರಿಂದ ಅನುಕೂಲ. ಫೋಟೊ ಕಳಿಸುವುದಾದರೆ ಪೋಲರಾಯ್ಡ್ (ತೆಗೆದ ಕೂಡಲೇ ಕ್ಯಾಮೆರಾದಿಂದಲೇ ಹೊರಬರುವ ಫೋಟೊ) ಬೇಡ. ಅದರ ಪದರಗಳ ನಡುವೆ ಏನಾದರೂ ಅಡಗಿಸಬಹುದೆಂದು ತಡೆಯುತ್ತಾರೆ.

ಮೊದಲ ಪತ್ರ ಒಂದೂವರೆ ಪುಟ ಇದ್ದರೆ ಸಾಕು. ನೀವು ಯಾರು, ವಿಳಾಸ ಹೇಗೆ ಸಿಕ್ಕಿತು ಎಂದು ಹೇಳಿ, ತಕ್ಷಣವೇ ಹೀಗೆ ಬರೆದುಬಿಡಿ: ‘ತಿಂಗಳಿಗೊಂದು ಪತ್ರ ಬರೆಯುತ್ತೇನೆ. ಹಣ ಕಳಿಸುವುದು, ಬೇರೆಯವರಿಗೆ ಸುದ್ದಿ ಮುಟ್ಟಿಸುವುದು ನನ್ನಿಂದ ಆಗುವುದಿಲ್ಲ. ನಿಮಗೆ ಮನಸ್ಸಾದಾಗ ಉತ್ತರಿಸಿ.’ ಕಟುವಾಯಿತೇನೋ ಅನ್ನಿಸಬಹುದು. ಆದರೆ ಆರು ತಿಂಗಳ ನಂತರ ಇದನ್ನೇ ಹೇಳಬೇಕಾಗಿ ಬಂದರೆ ಅವರಿಗೆ ಆಗುವ ನೋವು ಇದಕ್ಕಿಂತ ಹೆಚ್ಚು.

‘ಹೇಗಿದ್ದೀರಿ’ ಎಂಬ ಪ್ರಶ್ನೆಗೆ ಜೈಲಿನಿಂದ ಉತ್ತರ ಬರೆಯುವುದು ಕಷ್ಟ. ಈಗ ಓದುತ್ತಿರುವ ಪುಸ್ತಕ, ಕಲಿಯುತ್ತಿರುವ ಕೆಲಸ, ಚಿಕ್ಕಂದಿನಲ್ಲಿ ಆಡುತ್ತಿದ್ದ ಆಟ, ಇಂಥವನ್ನು ಕೇಳಿ. ಕಟ್ಟಡದ ವಿವರ, ಸಿಬ್ಬಂದಿಯ ಸಮಯ ಕೇಳಿದರೆ ಪತ್ರ ತಡೆಹಿಡಿಯುತ್ತಾರೆ. ಅಪರಾಧದ ಬಗ್ಗೆ ನೀವಾಗಿ ಕೇಳಬೇಡಿ. ಪತ್ರಗಳನ್ನು ಸಿಬ್ಬಂದಿ ಓದುತ್ತಾರೆ. ಮೇಲ್ಮನವಿ ಬಾಕಿ ಇದ್ದರಂತೂ ಅವರು ಬರೆದ ಒಂದು ಸಾಲು ಅವರಿಗೇ ಮುಳುವಾಗಬಹುದು. ತಾವಾಗಿಯೇ ಹೇಳಿಕೊಂಡರೆ ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ.

ಮನೆ ವಿಳಾಸ ಕೊಡಬೇಡಿ. ಸಂಸ್ಥೆಯ ವಿಳಾಸ ಅಥವಾ ಪೋಸ್ಟ್ ಬಾಕ್ಸ್ ಬಳಸಿ.

ಗೆರೆದಾಟಿ:
ಪ್ರಯೋಜನದ ಬಗ್ಗೆ ಕೇಳಿದ್ದೀರಿ. ಅಮೆರಿಕದ ಮಿನೆಸೋಟ ರಾಜ್ಯದ ಬಂದೀಖಾನೆ ಇಲಾಖೆ 2011ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 2003ರಿಂದ 2007ರ ನಡುವೆ ಬಿಡುಗಡೆಯಾದ 16,420 ಜನರ ದಾಖಲೆ ಅದರಲ್ಲಿದೆ. ಭೇಟಿಗೆ ಯಾರಾದರೂ ಬರುತ್ತಿದ್ದವರು ಮತ್ತೆ ಗಂಭೀರ ಅಪರಾಧಕ್ಕೆ ಶಿಕ್ಷೆಗೊಳಗಾಗುವ ಸಂಭವ ಯಾರೂ ಬಾರದವರಿಗಿಂತ ಶೇ. 13ರಷ್ಟು ಕಡಿಮೆ, ಬಿಡುಗಡೆಯ ಷರತ್ತು ಮುರಿದು ವಾಪಸ್ ಹೋಗುವ ಸಂಭವ ಶೇ. 25ರಷ್ಟು ಕಡಿಮೆ ಇತ್ತು. ರಕ್ತಸಂಬಂಧಿಗಳಲ್ಲದ ಧರ್ಮಗುರುಗಳು, ಮಾರ್ಗದರ್ಶಕರು ಬಂದಾಗಲೂ ಒಳ್ಳೆಯದಾಗಿದೆ. ಬಿಡುಗಡೆ ಹತ್ತಿರವಾದಾಗಿನ ಭೇಟಿಗಳು ಹೆಚ್ಚು ಫಲ ಕೊಟ್ಟಿವೆ. ಇದು ಭೇಟಿಯ ಲೆಕ್ಕ, ಪತ್ರದ್ದಲ್ಲ. ಭೇಟಿಗೆ ಜನ ಬರುವಂಥವರು ಮೊದಲೇ ಬೇರೆ ಬಗೆಯವರಾಗಿರಬಹುದು ಎಂಬ ಆಕ್ಷೇಪವೂ ನ್ಯಾಯವೇ. ಆದರೂ ಯಾರೂ ಬಾರದವರಿಗೆ ಪತ್ರವೇ ಏಕೈಕ ಹೊರಸಂಪರ್ಕ ಆಗಿರುವಾಗ ಅದನ್ನು ಸಣ್ಣದೆಂದು ನಾನು ಒಪ್ಪುವುದಿಲ್ಲ.

ಇದು ಯಾರೋ ಮಾಡುವ ಉಪಕಾರವೂ ಅಲ್ಲ. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 58ನೆಯದು, ಕುಟುಂಬ ಮತ್ತು ಸ್ನೇಹಿತರ ಜೊತೆ ಪತ್ರ, ಭೇಟಿಗಳ ಮೂಲಕ ಸಂಪರ್ಕ ಇಟ್ಟುಕೊಳ್ಳಲು ಅವಕಾಶ ಇರಬೇಕೆನ್ನುತ್ತದೆ. ಸ್ನೇಹಿತರು ಎಂದು ಅದರಲ್ಲೇ ಇದೆ, ಗಮನಿಸಿ. ಶಿಕ್ಷೆ ಶುರುವಾದಾಗಿನಿಂದಲೇ ಬಿಡುಗಡೆಯ ನಂತರದ ಬದುಕನ್ನು ಯೋಚಿಸಬೇಕು ಎನ್ನುವುದು 107ನೆಯದು.

ಹೊಸಪುಟ:
ಇಬ್ಬರಿಗೂ ಧನ್ಯವಾದ. ಉತ್ತರವೇ ಬರದಿದ್ದರೆ? ಹಣ ಕೇಳಿದರೆ? ಬಿಡುಗಡೆ ಆದಮೇಲೆ ಏನು ಮಾಡಬೇಕು?

ದಡದಮರ:
ಉತ್ತರ ಬಾರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಬೇರೆ ಜೈಲಿಗೆ ಕಳಿಸಿರಬಹುದು, ಒಂಟಿಕೋಣೆಯಲ್ಲಿ ಇಟ್ಟಿರಬಹುದು, ಅಂಚೆಚೀಟಿಗೆ ದುಡ್ಡಿಲ್ಲದಿರಬಹುದು. ಸಂಸ್ಥೆಯ ಮೂಲಕ ಈಗ ಎಲ್ಲಿದ್ದಾರೆಂದು ವಿಚಾರಿಸಿ, ಹೇಳಿದ ದಿನಕ್ಕೆ ಇನ್ನೊಂದು ಪತ್ರ ಹಾಕಿ. ತಪಾಸಣೆಯಿಂದ ವಾರಗಟ್ಟಲೆ ತಡವಾಗಿ ಪತ್ರಗಳು ಹಿಂದುಮುಂದಾಗುತ್ತವೆ. ಮೇಲ್ಗಡೆ ತಾರೀಕಿನ ಜೊತೆ ಕ್ರಮಸಂಖ್ಯೆ ಹಾಕಿ, ‘ನಿಮ್ಮ 4ನೇ ಪತ್ರ ಸಿಕ್ಕಿತು, 3ನೆಯದು ಬಂದಿಲ್ಲ’ ಎಂದು ಬರೆದರೆ ಕಳೆದುಹೋದದ್ದು ಇಬ್ಬರಿಗೂ ಗೊತ್ತಾಗುತ್ತದೆ. ಇಲ್ಲದಿದ್ದರೆ ತಮ್ಮ ದುಃಖಕ್ಕೆ ನೀವು ಉತ್ತರಿಸಲೇ ಇಲ್ಲ ಎಂದು ಅವರು ಅಂದುಕೊಳ್ಳುತ್ತಾರೆ. ಸಂಬಂಧ ಕೆಡುವುದು ಬಹಳ ಸಲ ಹೀಗೆಯೇ.

ಹಣ ಕೇಳಿದರೆ ಒಂದೇ ಸಾಲಿನಲ್ಲಿ ಇಲ್ಲ ಎನ್ನಿ, ಅದೇ ಪತ್ರದಲ್ಲಿ ಉಳಿದ ಮಾತು ಎಂದಿನಂತೆ ಮುಂದುವರಿಸಿ. ಕೇಳಿದ ಮಾತ್ರಕ್ಕೆ ಮೋಸಗಾರರಲ್ಲ, ಒಳಗೆ ಸೋಪು, ಫೋನಿಗೂ ದುಡ್ಡು ಬೇಕಾಗುವ ಕಡೆಗಳಿವೆ. ಆದರೆ ‘ಈ ಲಕೋಟೆಯನ್ನು ಇಂಥವರಿಗೆ ದಾಟಿಸಿ’ ಎಂದರೆ ಸಂಸ್ಥೆಗೆ ತಿಳಿಸಲೇಬೇಕು. ಆ ಇಂಥವರು ಪ್ರಕರಣದ ಸಂತ್ರಸ್ತರೋ ಸಾಕ್ಷಿಯೋ ಆಗಿರಬಹುದು. ಮಾತು ಪ್ರೇಮದ ಕಡೆ ತಿರುಗಿದರೆ ಮೊದಲ ಸಲವೇ ಸ್ಪಷ್ಟವಾಗಿ ಹೇಳಿ. ನೋವಾದೀತೆಂದು ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಬಿಡುಗಡೆಗೆ ಆರು ತಿಂಗಳಿರುವಾಗಲೇ ಮುಂದಿನದನ್ನು ಪತ್ರದಲ್ಲಿ ಎತ್ತಿ: ಎಲ್ಲಿ ಉಳಿಯುತ್ತಾರೆ, ಗುರುತಿನ ದಾಖಲೆ ಇದೆಯೇ, ಔಷಧಿ ತೆಗೆದುಕೊಳ್ಳುತ್ತಿದ್ದರೆ ಹೊರಗೆ ಯಾರು ಬರೆದುಕೊಡುತ್ತಾರೆ. ವ್ಯವಸ್ಥೆ ನೀವು ಮಾಡಬೇಕಾಗಿಲ್ಲ, ಜೈಲಿನ ಕಲ್ಯಾಣಾಧಿಕಾರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅವರೇ ಪಟ್ಟಿ ಮಾಡುವಂತೆ ನೋಡಿಕೊಂಡರೆ ಆಯಿತು. ಪೆರೋಲ್ ಮಂಡಳಿಗೆ (ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡಬೇಕೇ ಎಂದು ತೀರ್ಮಾನಿಸುವವರು) ಪತ್ರ ಬರೆದುಕೊಡಿ ಎಂದರೆ, ಎಷ್ಟು ಕಾಲದಿಂದ ಪತ್ರವ್ಯವಹಾರವಿದೆ, ಯಾವ ಬದಲಾವಣೆ ಕಂಡಿರಿ ಅಷ್ಟನ್ನೇ ಬರೆಯಿರಿ. ಕೆಲಸ ಕೊಡಿಸುತ್ತೇನೆ, ಮನೆಯಲ್ಲಿ ಇರಿಸಿಕೊಳ್ಳುತ್ತೇನೆ ಎಂದು ಬರೆದರೆ ಅದು ದಾಖಲೆಗೆ ಹೋಗುತ್ತದೆ, ಅವರ ಬಿಡುಗಡೆಯ ಯೋಜನೆ ಅದರ ಮೇಲೇ ನಿಲ್ಲುತ್ತದೆ.

ನೀವೇ ನಿಲ್ಲಿಸಬೇಕಾಗಿ ಬಂದರೆ ಕೊನೆಗೆ ಎರಡು ಪತ್ರ ಬರೆಯಿರಿ: ಮೊದಲನೆಯದರಲ್ಲಿ ಕಾರಣ ಮತ್ತು ತಾರೀಕು, ಎರಡನೆಯದು ಅವರ ಉತ್ತರ ಬಂದ ಮೇಲೆ. ಬೇರೆ ಪತ್ರಮಿತ್ರರನ್ನು ಹುಡುಕಲು ಸಂಸ್ಥೆಗೂ ಅಷ್ಟರಲ್ಲಿ ಸಮಯ ಸಿಗುತ್ತದೆ.