ಟೈ ರಾಡ್ ದಪ್ಪ ಮಾಡಿದರೆ ಸಾಕಾ? ಆಫ್‌ರೋಡ್ ಗಾಡಿಯ ಸ್ಟೇರಿಂಗ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ:
ಸರ್, ನನ್ನದು ಲ್ಯಾಡರ್ ಫ್ರೇಮ್ (ಏಣಿಯಾಕಾರದ ಚೌಕಟ್ಟಿನ ಮೇಲೆ ಬಾಡಿ ಕೂತಿರುವ) ಗಾಡಿ. ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಆಕ್ಸಲ್), ಕಾಯಿಲ್ ಸ್ಪ್ರಿಂಗ್. ಸಸ್ಪೆನ್ಷನ್ 3 ಇಂಚು ಲಿಫ್ಟ್ (ಎತ್ತರ) ಮಾಡಿಸಿ 33 ಇಂಚಿನ ಟೈರ್ ಹಾಕಿಸಿದ್ದೇನೆ. ಹೊಸ ವೀಲ್‌ನಿಂದ ಚಕ್ರಗಳು ಮೊದಲಿಗಿಂತ ಹೊರಗೆ ಬಂದಿವೆ. ಇತ್ತೀಚೆಗೆ ಎರಡು ಬಂಡೆಗಳ ನಡುವೆ ಟೈರ್ ಸಿಕ್ಕಿಕೊಂಡಿತ್ತು. ಜೋರಾಗಿ ಸ್ಟೇರಿಂಗ್ ತಿರುಗಿಸಿದಾಗ ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗುವ ಹಾಗೆ ಜೋಡಿಸುವ ಸರಳು) ಬೆಂಡ್ ಆಯಿತು. ಬಡಿದು ನೆಟ್ಟಗೆ ಮಾಡಿಕೊಂಡು ಬಂದೆ. ಈಗ 70ರ ವೇಗದಲ್ಲಿ ಸಣ್ಣ ಗುಂಡಿ ಸಿಕ್ಕಿದರೂ ಗಾಡಿಯ ಮುಂಭಾಗ ಪೂರ್ತಿ ಗಡಗಡ ನಡುಗುತ್ತದೆ. ವೇಗ ಚೆನ್ನಾಗಿ ಇಳಿಸುವ ತನಕ ನಿಲ್ಲುವುದಿಲ್ಲ. ದಪ್ಪ ಟೈ ರಾಡ್ ಮತ್ತು ಎರಡು ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ನಡುಕ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿದರೆ ಸರಿ ಹೋಗುತ್ತದೆ ಅಂತ ಒಂದು ಕಡೆ ಹೇಳಿದರು. ಅಷ್ಟು ಸಾಕಾ?

ಉತ್ತರ:
ಸಾಕಾಗುವುದಿಲ್ಲ. ಮೊದಲು ಒಂದು ಮಾತು. ಇದು ಸರಿಯಾಗುವ ತನಕ ದಯವಿಟ್ಟು ಈ ಗಾಡಿಯನ್ನು ಹೈವೇಗೆ ತೆಗೆದುಕೊಂಡು ಹೋಗಬೇಡಿ. ಒಮ್ಮೆ ಬಾಗಿ ನೆಟ್ಟಗಾದ ರಾಡ್ ಅದೇ ಜಾಗದಲ್ಲಿ ಮತ್ತೆ ಬಾಗುತ್ತದೆ. ಅದರ ಥ್ರೆಡ್ ಹತ್ತಿರ ಕಣ್ಣಿಗೆ ಕಾಣದ ಬಿರುಕೂ ಇರಬಹುದು.

ನಿಮ್ಮ ಗಾಡಿಗೆ ಇರುವುದು ಎರಡು ಬೇರೆ ಬೇರೆ ತೊಂದರೆ. ರಾಡ್ ಬಾಗಿದ್ದು ಬಲ ಸಾಲದೆ. ಗಾಡಿ ನಡುಗುವುದು ಎಲ್ಲೋ ಪ್ಲೇ (ಜಾಯಿಂಟ್‌ನಲ್ಲಿ ಸಡಿಲ) ಇರುವುದರಿಂದ, ಇಲ್ಲವೇ ಲಿಫ್ಟ್ ಆದ ಮೇಲೆ ಕೋನಗಳು ಕೆಟ್ಟಿರುವುದರಿಂದ. ದಪ್ಪ ರಾಡ್ ಮೊದಲನೆಯದಕ್ಕೆ ಮಾತ್ರ ಮದ್ದು. ಡ್ಯಾಂಪರ್ ಅಂತೂ ಎರಡಕ್ಕೂ ಮದ್ದಲ್ಲ. ಜ್ವರಕ್ಕೆ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿದ ಹಾಗೆ, ಸ್ವಲ್ಪ ದಿನ ನಡುಕ ಅಡಗಿಸುತ್ತದೆ. ಅಷ್ಟರಲ್ಲಿ ಒಳಗಿನ ಜಾಯಿಂಟ್‌ಗಳು ಇನ್ನಷ್ಟು ಸವೆಯುತ್ತವೆ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಪ್ಲೇ ಎಲ್ಲಿದೆ ಅಂತ ಹುಡುಕಿ. ಚಕ್ರಗಳು ನೆಲದ ಮೇಲೇ ಇರಲಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ಸ್ಟಾರ್ಟ್ ಮಾಡಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಿರಲಿ. ನೀವು ಕೆಳಗೆ ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟ್ ನೋಡಿ. ಎಲ್ಲಕ್ಕಿಂತ ಮೊದಲು ಟ್ರ್ಯಾಕ್ ಬಾರ್‌ನ (ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಅದನ್ನು ಫ್ರೇಮ್‌ಗೆ ಕಟ್ಟುವ ಸರಳು) ಎರಡೂ ತುದಿ ನೋಡಿ. ನನ್ನ ಹತ್ತಿರ ನಡುಕ ಅಂತ ಬರುವ ಗಾಡಿಗಳಲ್ಲಿ ಜಾಸ್ತಿ ಸಲ ತೊಂದರೆ ಸಿಗುವುದು ಅಲ್ಲೇ. ಬುಷ್ (ಬೋಲ್ಟ್ ಸುತ್ತ ಕೂರುವ ಮೆತ್ತನೆಯ ಕೊಳವೆ) ಸವೆದಿರುತ್ತದೆ, ಇಲ್ಲವೇ ಬ್ರಾಕೆಟ್‌ನ ತೂತು ಅಗಲವಾಗಿ ಬೋಲ್ಟ್ ಒಳಗೇ ಓಡಾಡುತ್ತಿರುತ್ತದೆ. ಆಮೇಲೆ ಟೈ ರಾಡ್ ಎಂಡ್‌ಗಳು (ರಾಡ್ ತುದಿಯ ಜಾಯಿಂಟ್‌ಗಳು), ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸ್‌ನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕ್ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ಸರಳು), ಸ್ಟೇರಿಂಗ್ ಬಾಕ್ಸ್ ಫ್ರೇಮ್‌ಗೆ ಕೂತಿರುವ ಜಾಗ. ಕೊನೆಗೆ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಹೋಗಿದ್ದರೆ ಆಗ ಗೊತ್ತಾಗುತ್ತದೆ. ಟೈರ್ ಬ್ಯಾಲೆನ್ಸ್ ಕೂಡ ಮಾಡಿಸಿ. ದೊಡ್ಡ ಟೈರ್ ಬ್ಯಾಲೆನ್ಸ್ ತಪ್ಪಿದರೆ ನಡುಕ ಶುರುವಾಗಲು ಅದೇ ಸಾಕು.

ಪ್ರಶ್ನೆ (ಅದೇ ಸದಸ್ಯರು):
ನೀವು ಹೇಳಿದ ಹಾಗೇ ನೋಡಿದೆ ಸರ್. ಟ್ರ್ಯಾಕ್ ಬಾರ್ ಆಕ್ಸಲ್‌ಗೆ ಸೇರುವ ಕಡೆ ಬೋಲ್ಟ್ ಕಣ್ಣಿಗೆ ಕಾಣುವಷ್ಟು ಅಲ್ಲಾಡುತ್ತಿದೆ. ಇನ್ನೂ ಟೈಟ್ ಮಾಡಿದರೆ ಆಗುತ್ತಾ? ಮತ್ತೆ ಲಿಫ್ಟ್‌ನಿಂದ ಕೋನ ಕೆಡುತ್ತದೆ ಅಂದಿರಲ್ಲ, ಅದು ಅರ್ಥ ಆಗಲಿಲ್ಲ.

ಉತ್ತರ:
ಟೈಟ್ ಮಾಡಿದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಸಡಿಲವಾಗುತ್ತದೆ. ತೂತು ಮೊಟ್ಟೆಯಾಕಾರ ಆಗಿರುತ್ತದೆ. ಸರಿಯಾದ ಅಳತೆಯ ತೂತಿರುವ ಗಟ್ಟಿ ಪ್ಲೇಟನ್ನು ಬ್ರಾಕೆಟ್ ಮೇಲೆ ಕೂರಿಸಿ ವೆಲ್ಡ್ ಮಾಡಿಸಿ, ಇಲ್ಲವೇ ಬ್ರಾಕೆಟನ್ನೇ ಬದಲಿಸಿ. ಬೋಲ್ಟ್ ಹೊಸದಿರಲಿ. ತೂತಿನೊಳಗೆ ಬೋಲ್ಟ್‌ನ ನುಣುಪು ಭಾಗ ಕೂರಬೇಕು, ಥ್ರೆಡ್ ಅಲ್ಲ. ಥ್ರೆಡ್ ಕೂತರೆ ಅದು ಅರದ ಹಾಗೆ ತೂತನ್ನು ತಿನ್ನುತ್ತದೆ. ರಬ್ಬರ್ ಬುಷ್ ಇದ್ದರೆ ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಕೊನೆಯ ಟಾರ್ಕ್ ಕೊಡಿ. ಎತ್ತಿದ ಗಾಡಿಯಲ್ಲಿ ಬಿಗಿ ಮಾಡಿದರೆ ಇಳಿಸಿದ ಕೂಡಲೇ ಬುಷ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ.

ಈಗ ಕೋನದ ವಿಷಯ. ಗಾಡಿಯ ಮುಂದೆ ನಿಂತು ನೋಡಿ. ಡ್ರ್ಯಾಗ್ ಲಿಂಕ್ ಮತ್ತು ಟ್ರ್ಯಾಕ್ ಬಾರ್ ಎರಡೂ ಒಂದೇ ಓರೆಯಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ಆಗ ಸಸ್ಪೆನ್ಷನ್ ಮೇಲೆ ಕೆಳಗೆ ಹೋದಾಗ ಎರಡರ ತುದಿಯೂ ಒಂದೇ ರೀತಿ ಪಕ್ಕಕ್ಕೆ ಸರಿಯುತ್ತದೆ, ಚಕ್ರ ತಿರುಗುವುದಿಲ್ಲ. ಲಿಫ್ಟ್ ಮಾಡಿದಾಗ ಎರಡರ ಓರೆಯೂ ಹೆಚ್ಚುತ್ತದೆ. ಅದನ್ನು ಸರಿ ಮಾಡಲು ಹಲವರು ಡ್ರಾಪ್ (ಕೆಳಕ್ಕೆ ಬಾಗಿದ) ಪಿಟ್‌ಮನ್ ಆರ್ಮ್ ಮಾತ್ರ ಹಾಕಿಸುತ್ತಾರೆ, ಟ್ರ್ಯಾಕ್ ಬಾರನ್ನು ಹಾಗೇ ಬಿಡುತ್ತಾರೆ. ಆಗ ಪ್ರತಿ ಉಬ್ಬಿಗೂ ಗಾಡಿ ತಾನಾಗಿ ಎಡಕ್ಕೋ ಬಲಕ್ಕೋ ಎಳೆಯುತ್ತದೆ. ಇದಕ್ಕೇ ಬಂಪ್ ಸ್ಟೀರ್ ಅನ್ನುವುದು. ಬದಲಿಸಿದರೆ ಎರಡನ್ನೂ ಜೊತೆಯಲ್ಲೇ ಬದಲಿಸಿ, ಇಲ್ಲವೇ ಎರಡನ್ನೂ ಮುಟ್ಟಬೇಡಿ.

ಇನ್ನೊಂದು ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಲಿಫ್ಟ್ ಆದಾಗ ಕಂಟ್ರೋಲ್ ಆರ್ಮ್‌ಗಳು (ಆಕ್ಸಲನ್ನು ಫ್ರೇಮ್‌ಗೆ ಉದ್ದಕ್ಕೆ ಜೋಡಿಸುವ ತೋಳುಗಳು) ಇಳಿಮುಖವಾಗಿ ಆಕ್ಸಲನ್ನು ಸ್ವಲ್ಪ ಮುಂದಕ್ಕೆ ಉರುಳಿಸುತ್ತವೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ನೇರ ರಸ್ತೆಯಲ್ಲೂ ಗಾಡಿ ಆಚೆ ಈಚೆ ಅಲೆಯುತ್ತದೆ. ಅಡ್ಜಸ್ಟ್ ಮಾಡಬಹುದಾದ ಕಂಟ್ರೋಲ್ ಆರ್ಮ್ ಹಾಕಿ ಇದನ್ನು ವಾಪಸ್ ತರಬಹುದು. ಆದರೆ ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಡಿಫರೆನ್ಷಿಯಲ್‌ನ ಮೂತಿ (ಪ್ರೊಪೆಲ್ಲರ್ ಶಾಫ್ಟ್ ಸೇರುವ ಭಾಗ) ಕೆಳಗೆ ಬಾಗುತ್ತದೆ. ಅತಿಯಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕಂಪಿಸಲು ಶುರುವಾಗುತ್ತದೆ. ಅಲೈನ್‌ಮೆಂಟ್ ಮಾಡಿಸಿದಾಗ ಕ್ಯಾಸ್ಟರ್ ಅಂಕಿಯನ್ನು ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಸರ್, ನಾನೂ ಟೈ ರಾಡ್ ಬದಲಿಸಬೇಕು ಅಂತಿದ್ದೇನೆ. ಹೈಮ್ ಜಾಯಿಂಟ್ (ಲೋಹದ ಬಳೆಯೊಳಗೆ ತಿರುಗುವ ಗುಂಡು) ಇರುವುದು ಒಳ್ಳೆಯದಾ, ಮಾಮೂಲಿ ಟೈ ರಾಡ್ ಎಂಡ್ ಇರುವುದಾ? ಅಲ್ಯೂಮಿನಿಯಂ ರಾಡ್ ಕೂಡ ಸಿಗುತ್ತಿದೆ.

ಉತ್ತರ:
ದಿನವೂ ರಸ್ತೆಯಲ್ಲಿ ಓಡುವ ಗಾಡಿಗೆ ಟೈ ರಾಡ್ ಎಂಡ್ ಇರುವುದನ್ನೇ ತಗೊಳ್ಳಿ. ಅದರ ಗುಂಡು ಗ್ರೀಸ್ ಒಳಗೆ, ರಬ್ಬರ್ ಬೂಟ್ ಒಳಗೆ ಇರುತ್ತದೆ. ಹೈಮ್ ಜಾಯಿಂಟ್‌ಗೆ ಬಲ ಜಾಸ್ತಿ, ಜಾಸ್ತಿ ಕೋನಕ್ಕೂ ತಿರುಗುತ್ತದೆ, ನಿಜ. ಆದರೆ ಅದು ತೆರೆದೇ ಇರುತ್ತದೆ. ಕೆಸರು, ಮರಳು ಹೊಕ್ಕರೆ ಬೇಗ ಪ್ಲೇ ಬಂದು ಕಟಕಟ ಅನ್ನುತ್ತದೆ. ಹಾಕಿದರೂ ಬೋಲ್ಟ್‌ಗೆ ಎರಡೂ ಕಡೆಯಿಂದ ಆಸರೆ ಇರಬೇಕು. ಒಂದೇ ಕಡೆ ನೇತಾಡುವ ಬೋಲ್ಟ್ ಮುರಿದರೆ ಸ್ಟೇರಿಂಗೇ ಇರುವುದಿಲ್ಲ.

ರಾಡ್ ಕೊಳ್ಳುವಾಗ ಹೊರಗಿನ ವ್ಯಾಸ ನೋಡಿ. ಗೋಡೆಯ ದಪ್ಪ ಅಷ್ಟೇ ಇದ್ದರೂ, ಕೊಳವೆಯ ವ್ಯಾಸ ಕಾಲು ಭಾಗ ಹೆಚ್ಚಾದರೆ ಬಾಗದೆ ನಿಲ್ಲುವ ಬಿಗಿತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅಲ್ಯೂಮಿನಿಯಂ ಆದರೆ 7075 ದರ್ಜೆಯ ದಪ್ಪ ಗಟ್ಟಿ ರಾಡ್ ಇರಲಿ. ಬಂಡೆಗೆ ಬಡಿದಾಗ ಸ್ವಲ್ಪ ಬಳುಕಿ ವಾಪಸ್ ಬರುತ್ತದೆ, ಅದು ಅದರ ಒಳ್ಳೆಯ ಗುಣ. ಎರಡೂ ಕಡೆ ಜಾಗ ಸಾಕಾಗುತ್ತದಾ ಅಂತ ಮಾತ್ರ ಮೊದಲೇ ಅಳೆದುಕೊಳ್ಳಿ.

ಪ್ರಶ್ನೆ (ಮೊದಲ ಸದಸ್ಯರು):
ರಾಡ್ ಬಾಗದಿದ್ದರೆ ಆ ಹೊಡೆತ ಎಲ್ಲಿಗೆ ಹೋಗುತ್ತದೆ ಸರ್?

ಉತ್ತರ:
ಸರಿಯಾದ ಪ್ರಶ್ನೆ. ಸ್ಟೇರಿಂಗ್ ಬಾಕ್ಸ್‌ಗೆ ಹೋಗುತ್ತದೆ. ಅದರ ಸೆಕ್ಟರ್ ಶಾಫ್ಟ್ (ಪಿಟ್‌ಮನ್ ಆರ್ಮ್ ಕೂರುವ ಶಾಫ್ಟ್), ಸೀಲ್, ಬಾಕ್ಸ್ ಕೂತಿರುವ ಫ್ರೇಮ್, ಇವೆಲ್ಲ ಅದನ್ನು ತಡೆದುಕೊಳ್ಳಬೇಕು. ನಿಮ್ಮ ವೀಲ್ ಹೊರಗೆ ಬಂದಿರುವುದರಿಂದ ಚಕ್ರ ತಿರುಗಿಸಲು ಬೇಕಾಗುವ ಬಲವೂ ಹೆಚ್ಚಿದೆ. ಆದ್ದರಿಂದ ಬಾಕ್ಸ್ ಬೋಲ್ಟ್‌ಗಳ ಸುತ್ತ ಫ್ರೇಮ್‌ನಲ್ಲಿ ಪೇಂಟ್ ಸೀಳಿದೆಯಾ, ತುಕ್ಕಿನ ಗೆರೆ ಬಂದಿದೆಯಾ ನೋಡುತ್ತಿರಿ. ಆ ಗೆರೆಯೇ ಬಿರುಕಿನ ಶುರು. ನಿಮ್ಮ ಗಾಡಿಗೆ ಸಿಗುವುದಾದರೆ ಸೆಕ್ಟರ್ ಶಾಫ್ಟ್ ಬ್ರೇಸ್ (ಆ ಶಾಫ್ಟ್ ತುದಿಗೆ ಆಸರೆ) ಹಾಕಿಸಿ, ಒಳ್ಳೆಯ ಕೆಲಸ. ಬಾಕ್ಸ್ ಮೇಲಿನ ಅಡ್ಜಸ್ಟ್ ಸ್ಕ್ರೂ ತಿರುಗಿಸಿ ಪ್ಲೇ ತೆಗೆಯಲು ಹೋಗಬೇಡಿ. ಜಾಸ್ತಿ ಬಿಗಿಯಾದರೆ ಗೇರ್ ಹಿಡಿದುಕೊಂಡು ಸ್ಟೇರಿಂಗ್ ವಾಪಸ್ ಬರುವುದಿಲ್ಲ.

ಟೈರ್ ಬಂಡೆಗೆ ಸಿಕ್ಕಿಕೊಂಡಾಗ ಸ್ಟೇರಿಂಗನ್ನು ಬಲವಂತವಾಗಿ ಎಳೆದು ಹಿಡಿಯಬೇಡಿ. ಹೈಡ್ರಾಲಿಕ್ ಪಂಪ್‌ನಲ್ಲಿ ಒತ್ತಡ ಪೂರ್ತಿ ಏರಿ ಆಯಿಲ್ ಕಾಯುತ್ತದೆ. ಒಂದು ಗೇಣು ಹಿಂದೆ ಬಂದು ಮತ್ತೆ ತಿರುಗಿಸಿ.

ಹೊಸ ರಾಡ್ ಹಾಕಿದ ಮೇಲೆ ಟೋ (ಮೇಲಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿ ಮಾಡಲೇಬೇಕು. ಕಂಪನಿ ಹೇಳಿದ ಅಳತೆಯೇ ಮೊದಲ ಆಧಾರ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 1.5ರಿಂದ 3 ಮಿಲಿಮೀಟರ್ ಟೋ ಇನ್ (ಚಕ್ರಗಳ ಮುಂಭಾಗ ಒಳಕ್ಕೆ) ಇರುತ್ತದೆ. ಆಮೇಲೆ ಡ್ರ್ಯಾಗ್ ಲಿಂಕ್‌ನಲ್ಲಿ ಸ್ಟೇರಿಂಗ್ ವೀಲನ್ನು ನೇರ ಮಾಡಿ. ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಯಾದರೆ ವೀಲ್ ಓರೆಯಿದ್ದಾಗ ಅದು ಸುಮ್ನೆ ಬ್ರೇಕ್ ಹಿಡಿಯಬಹುದು. ನಟ್‌ನ ಸಂದು ಸ್ಪ್ಲಿಟ್ ಪಿನ್ ತೂತಿಗೆ ಹೊಂದದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ಹೊಂದಿಸಿ, ಸಡಿಲ ಮಾಡಿ ಹೊಂದಿಸಬೇಡಿ. ಪಿನ್ ಪ್ರತಿ ಸಲ ಹೊಸದೇ. ಮೊದಲ ಆಫ್‌ರೋಡ್ ಓಟ ಮುಗಿದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಟಾರ್ಕ್ ರೆಂಚ್ ಹಿಡಿಯಿರಿ.

ಪ್ರಶ್ನೆ (ಮೊದಲ ಸದಸ್ಯರು):
ಹಳೆಯ ರಾಡನ್ನು ಸ್ಪೇರ್ ಆಗಿ ಇಟ್ಟುಕೊಳ್ಳಲಾ?

ಉತ್ತರ:
ಬಾಗಿ ನೆಟ್ಟಗಾದದ್ದು ಬೇಡ. ಅದರ ಬದಲು ಹೊಸದಕ್ಕೆ ಹೊಂದುವ ಟೈ ರಾಡ್ ಎಂಡ್ ಎಡದ್ದೊಂದು, ಬಲದ್ದೊಂದು ಗಾಡಿಯಲ್ಲಿಡಿ. ಒಂದು ಕಡೆ ಥ್ರೆಡ್ ಉಲ್ಟಾ ಇರುವುದರಿಂದ ಎರಡೂ ಬೇಕಾಗುತ್ತದೆ. ನಟ್, ಸ್ಪ್ಲಿಟ್ ಪಿನ್, ಒಂದು ಟ್ರ್ಯಾಕ್ ಬಾರ್ ಬೋಲ್ಟ್ ಜೊತೆಗಿರಲಿ. ಬ್ರಾಕೆಟ್ ವೆಲ್ಡಿಂಗ್ ಆದ ಮೇಲೆ ಒಂದು ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.