ಅಪ್‌ಡೇಟ್: ಚಳಿಗಾಲದಲ್ಲಿ ಕುದುರೆಯನ್ನು ಹುಲ್ಲುಗಾವಲಲ್ಲೇ ಬಿಟ್ಟಿದ್ದು ಏನಾಯ್ತು?

ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಚಳಿಗಾಲವಿಡೀ ಕುದುರೆಯನ್ನು ಹೊರಗೆ ಮೇಯಲು ಬಿಡಬಹುದಾ ಅಂತ ನವೆಂಬರ್‌ನಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಬಿಟ್ಟೆ. ಈಗ ಮಾರ್ಚ್. ಕುದುರೆ ಚೆನ್ನಾಗಿದೆ, ಹುಲ್ಲುಗಾವಲೇ ಕೆಸರುಗದ್ದೆಯಾಗಿದೆ!

ನೀವು ಹೇಳಿದ್ದು ನಿಜ. ಚಳಿಗಾಲದ ಹುಲ್ಲು ನೋಡಲು ಹಸಿರಿದ್ದರೂ ಅದರಿಂದ ಕುದುರೆಯ ಹೊಟ್ಟೆ ತುಂಬುವುದಿಲ್ಲ. ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹುಲ್ಲು ಬೆಳೆಯುವುದೇ ಕಡಿಮೆ, ಅಲ್ವಾ? ನನ್ನ ಕುದುರೆಯ ತೂಕ 500 ಕೆಜಿ. ದಿನಕ್ಕೆ 9-10 ಕೆಜಿ ಒಣಹುಲ್ಲು ಹಾಕಿದೆ. ಹಿಮ ಕಟ್ಟಿದ ಹುಲ್ಲಲ್ಲಿ ಸಕ್ಕರೆ ಜಾಸ್ತಿ, ಗೊರಸಿಗೆ ಉರಿಯೂತ ಬರಬಹುದು ಎಂದಿದ್ದಿರಿ. ಹಾಗಾಗಿ ಹಿಮ ಬೀಳಬಹುದಾದ ರಾತ್ರಿ ಮಾತ್ರ ಲಾಯದಲ್ಲಿ ಕಟ್ಟಿ, ಬೆಳಿಗ್ಗೆ ತಡವಾಗಿ ಬಿಟ್ಟೆ.

ಒಂದು ತಪ್ಪು ಮಾಡಿದೆ. ಸೋಮಾರಿತನಕ್ಕೆ ಒಣಹುಲ್ಲನ್ನು ಗೇಟಿನ ಪಕ್ಕದಲ್ಲೇ ಸುರಿಯುತ್ತಿದ್ದೆ. ಕುದುರೆ ಅಲ್ಲೇ ನಿಂತು ತುಳಿದೂ ತುಳಿದೂ ಮೊಣಕಾಲುದ್ದ ಕೆಸರು, ಅದರ ಕಾಲಿನ ಚರ್ಮದಲ್ಲಿ ಹುಣ್ಣು. ಈಗ ವಾಸಿಯಾಗಿದೆ. ಹುಲ್ಲು ಮತ್ತೆ ಚಿಗುರಲಿ ಅಂತ ಏಪ್ರಿಲ್ ಕೊನೆಯವರೆಗೆ ಅರ್ಧ ಜಾಗಕ್ಕೆ ಬೇಲಿ ಹಾಕಿ ಖಾಲಿ ಬಿಡುತ್ತೇನೆ.