ಹಲಸಿನ ಮರದ ಸೀತಾಳೆ ದಂಡೆ ಬಂದಳಿಕೆಯೇ?

ಪ್ರಶ್ನೆ:
ನಮ್ಮ ಹಿತ್ತಲಿನ ಹಳೆಯ ಹಲಸಿನ ಮರದ ಕವಲಿನಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವೊಂದು ನಾನು ಚಿಕ್ಕವನಿದ್ದಾಗಿನಿಂದಲೂ ಇದೆ. ಮುಂಗಾರು ಹಿಡಿಯುವ ಹೊತ್ತಿಗೆ ತಪ್ಪದೆ ಹೂ ಬಿಡುತ್ತದೆ. ಈ ವರ್ಷ ಅದೇ ಮರದ ಒಂದು ಕೊಂಬೆ ಒಣಗಿದ್ದರಿಂದ, ಇದೂ ಬಂದಳಿಕೆಯ ಹಾಗೆ ಮರದ ಸಾರ ಹೀರುತ್ತದೆ, ಕಿತ್ತುಹಾಕು ಎಂದು ದೊಡ್ಡಪ್ಪ ಹೇಳುತ್ತಿದ್ದಾರೆ. ನನಗೆ ಕೀಳಲು ಮನಸ್ಸಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ದಯವಿಟ್ಟು ಕೀಳಬೇಡಿ. ಬಂದಳಿಕೆ ತನ್ನ ಬೇರನ್ನು ಕೊಂಬೆಯ ಒಳಗೇ ಇಳಿಸಿ ಮರದ ನೀರನ್ನು ಎಳೆದುಕೊಳ್ಳುತ್ತದೆ. ಸೀತಾಳೆಯ ಬೇರು ತೊಗಟೆಯನ್ನು ಅಪ್ಪಿ ಹಿಡಿಯುತ್ತದೆಯೇ ಹೊರತು ಅದನ್ನು ಸೀಳಿ ಒಳಹೋಗುವುದಿಲ್ಲ. ಮರ ಅದಕ್ಕೆ ನಿಲ್ಲುವ ನೆಲೆ ಮಾತ್ರ. ದಪ್ಪನೆಯ ಆ ಬೇರುಗಳ ಮೇಲೆ ಸತ್ತ ಕೋಶಗಳಿಂದಾದ, ಸ್ಪಂಜಿನಂಥ ವೆಲಾಮೆನ್ ಎಂಬ ಹೊದಿಕೆಯಿದ್ದು, ತೊಗಟೆಯ ಮೇಲೆ ಹರಿದುಬರುವ ಮಳೆನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಅದು ಹೀರಿಕೊಳ್ಳುತ್ತದೆ. ಒಣಗಿದ ಬೇರಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ: ಬೂದುಬಿಳುಪಾಗಿದ್ದದ್ದು ಕ್ಷಣಗಳಲ್ಲೇ ಹಸಿರಾಗುತ್ತದೆ, ಏಕೆಂದರೆ ಒಳಪದರದಲ್ಲಿ ಪತ್ರಹರಿತ್ತು ಇದೆ. ಕೊಂಬೆ ಒಣಗಿದ್ದಕ್ಕೆ ಕಾಂಡಕೊರಕವನ್ನೋ ಶಿಲೀಂಧ್ರವನ್ನೋ ಹುಡುಕುವುದು ಒಳ್ಳೆಯದು.

ಉತ್ತರ 2:
ಮೇಲಿನ ಮಾತು ಸರಿ. ನಿಮ್ಮ ಗಿಡ ರಿಂಕೋಸ್ಟೈಲಿಸ್ ರೆಟ್ಯೂಸಾ (ಸೀತಾಳೆ ದಂಡೆಯ ವೈಜ್ಞಾನಿಕ ಹೆಸರು) ಹೌದೋ ಅಲ್ಲವೋ ಎಂಬುದನ್ನು ಹೂವಿಲ್ಲದ ಕಾಲದಲ್ಲಿ ಊಹಿಸಲು ಎಲೆಯ ತುದಿ ನೋಡಿ. ದಪ್ಪನೆಯ, ದೋಣಿಯಂತೆ ಮಡಿಚಿದ ಎಲೆಗಳು ಎರಡು ಸಾಲಿನಲ್ಲಿದ್ದು, ತುದಿ ಚೂಪಾಗಿರದೆ ಯಾರೋ ಕಚ್ಚಿ ಬಿಟ್ಟಂತೆ ಮೊಂಡಾಗಿರುತ್ತದೆ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ, ಈಗ ‘ರೆಟ್ಯೂಸಾ’ ಎಂದಿರುವ ಜಾತಿನಾಮ ಸೂಚಿಸುವುದೂ ಈ ಮೊಂಡುತುದಿಯನ್ನೇ. ಹೂವಂತೂ ಮರೆಯಲಾಗದ್ದು: ನರಿಯ ಬಾಲದಂತೆ ಜೋತುಬೀಳುವ ಒಂದೇ ದಂಡೆಯಲ್ಲಿ ನೂರಕ್ಕೂ ಹೆಚ್ಚು ಹೂಗಳಿರಬಹುದು, ಬಿಳಿಯ ದಳಗಳ ಮೇಲೆ ನೇರಳೆ ಚುಕ್ಕಿ, ಗಾಢವಾದ ತುಟಿದಳ, ಅದರ ಬುಡದಲ್ಲಿ ಪುಟ್ಟ ಚೀಲ. ಅಸ್ಸಾಮಿನಲ್ಲಿ ಇದನ್ನು ಕೊಪೌ ಫೂಲ್ ಎನ್ನುತ್ತಾರೆ. ಅಲ್ಲಿನ ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳು ಮುಡಿಯುವ ಹೂವಿದು.

ಇನ್ನೊಂದು ಮಾತು. ಇದರ ಕಾಯಿಯೊಳಗಿನ ಬೀಜಗಳು ಧೂಳಿನಷ್ಟು ಸಣ್ಣವು, ಅವುಗಳಲ್ಲಿ ಆಹಾರದ ಸಂಗ್ರಹವೇ ಇರುವುದಿಲ್ಲ. ಗಾಳಿಯಲ್ಲಿ ತೇಲಿ ತೊಗಟೆಯ ಬಿರುಕಿಗೆ ಬಿದ್ದ ಬೀಜಕ್ಕೆ ತಕ್ಕ ಶಿಲೀಂಧ್ರದ ಆಸರೆ ಸಿಕ್ಕರೆ ಮಾತ್ರ ಅದು ಮೊಳೆಯುತ್ತದೆ. ಅಷ್ಟು ಕಷ್ಟಪಟ್ಟು ನೆಲೆಯೂರಿದ ಗಿಡವದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಏಣಿ ಹಾಕಿ ಬೇರಿಗೆ ನೀರು ಸುರಿದೆ. ಹಸಿರು ಬಣ್ಣ ಏರಿದ್ದನ್ನು ದೊಡ್ಡಪ್ಪನೂ ಕೆಳಗಿನಿಂದ ನೋಡಿದರು. ಒಣಗಿದ ಕೊಂಬೆಯ ಬುಡದಲ್ಲಿ ರಂಧ್ರಗಳೂ ಮರದ ಹುಡಿಯೂ ಕಂಡವು. ಆ ಕೊಂಬೆಯನ್ನಷ್ಟೇ ಕಡಿಸುತ್ತೇವೆ.